ಹುಬ್ಬಳ್ಳಿ-ಧಾರವಾಡದ ಲಾನ್‌ಗೆ ಬೂಷ್ಟು ರೋಗ: ರಾತ್ರಿಯ ಉಷ್ಣತೆ ನೋಡಿ ತಡೆಯುವ ಬಗೆ

ಏಪ್ರಿಲ್-ಮೇ ತಿಂಗಳಲ್ಲಿ ಲಾನ್ ಕಂದು ಬಣ್ಣಕ್ಕೆ ತಿರುಗಿದರೆ ನಮ್ಮ ಕಡೆ ಬಹಳ ಮಂದಿ ನೇರವಾಗಿ ಔಷಧದ ಅಂಗಡಿಗೆ ಹೋಗುತ್ತಾರೆ. ಅದೇ ಜುಲೈನಲ್ಲಿ ಹುಲ್ಲು ಹಸಿರು ತುಂಬಿ ನಿಂತಾಗ ಯಾರೂ ಬಗ್ಗಿ ನೋಡುವುದಿಲ್ಲ. ಬಗ್ಗಿ ನೋಡಬೇಕಾದ ಕಾಲ ಅದೇ. 37-38 ಡಿಗ್ರಿಯ ಒಣ ಬಿಸಿಲಿನಲ್ಲಿ ಹುಲ್ಲು ಸೊರಗಲು ಹೆಚ್ಚಾಗಿ ನೀರಿನ ಕೊರತೆಯೇ ಕಾರಣ. ಬೂಷ್ಟು ರೋಗ ತರುವ ಶಿಲೀಂಧ್ರ ಆಗ ಒಣ ಎಲೆ, ಬೇರುಗಳ ಮೆತ್ತೆಯೊಳಗೆ ಸುಮ್ಮನೆ ಕುಳಿತಿರುತ್ತದೆ. ಮಳೆ ಹಿಡಿದು ಉಷ್ಣತೆ 20-28 ಡಿಗ್ರಿಗೆ ಇಳಿದ ಮೇಲೆ ಅದು ಎದ್ದು ಕೂರುತ್ತದೆ.

ಮನೆಯಂಗಳ, ಶಾಲೆ-ಕಾಲೇಜಿನ ಆವರಣ, ಕ್ರಿಕೆಟ್ ಮೈದಾನ, ಕಲ್ಯಾಣ ಮಂಟಪದ ಲಾನ್, ಹೀಗೆ ಹುಬ್ಬಳ್ಳಿ-ಧಾರವಾಡದಲ್ಲಿ ಹುಲ್ಲುಹಾಸು ಹೆಚ್ಚುತ್ತಲೇ ಇದೆ. ಅದನ್ನು ನೋಡಿಕೊಳ್ಳುವವರಿಗೆ ಇಲ್ಲಿನ ಹವೆಗೆ ಹೊಂದುವ ಲೆಕ್ಕ ಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಬಹುತೇಕ ಕೋಷ್ಟಕಗಳು ಅಮೆರಿಕ, ಯುರೋಪಿನ ಬೆಂಟ್ ಹುಲ್ಲು, ರೈ ಹುಲ್ಲುಗಳಿಗೆ ಬರೆದವು. ಅಲ್ಲಿ ಹಲವು ಕಡೆ ಬೇಸಿಗೆಯೆಂದರೆ ಸೆಕೆಯೂ ಹೌದು, ತೇವವೂ ಹೌದು. ನಮ್ಮ ಬೇಸಿಗೆ ಒಣ, ನಮ್ಮ ಮಳೆಗಾಲ ತಂಪು. ಅವರ 'ಬೇಸಿಗೆಯಲ್ಲಿ ಎಚ್ಚರ' ಎಂಬ ಮಾತನ್ನು ಹಾಗೆಯೇ ಪಾಲಿಸಿದರೆ ಔಷಧ ಬೇಡದ ತಿಂಗಳಲ್ಲಿ ಹೊಡೆದು, ಬೇಕಾದ ತಿಂಗಳಲ್ಲಿ ಬಿಟ್ಟಂತಾಗುತ್ತದೆ.

ಉಷ್ಣತೆ ಮಾಡುವ ಮೂರು ಕೆಲಸ

ಎಲೆಯ ಮೇಲೆ ಬಿದ್ದ ಶಿಲೀಂಧ್ರದ ಬೀಜಕಣ ಮೊಳೆಯಬೇಕು, ಎಳೆ ಚಾಚಬೇಕು, ಎಲೆಯ ಚರ್ಮ ತೂರಿ ಒಳಗೆ ಹೋಗಬೇಕು. ಇಷ್ಟಾಗುವ ತನಕ ಎಲೆಯ ಮೇಲೆ ನೀರಿನ ತೆಳು ಪದರ ಇರಲೇಬೇಕು. ಆ ಪದರ ಎಷ್ಟು ತಾಸು ಇರಬೇಕೆಂಬುದನ್ನು ಉಷ್ಣತೆ ನಿರ್ಧರಿಸುತ್ತದೆ. ಆಯಾ ಶಿಲೀಂಧ್ರಕ್ಕೆ ಒಗ್ಗುವ ಉಷ್ಣತೆ ಇದ್ದರೆ ಒಂದು ರಾತ್ರಿಯ ಇಬ್ಬನಿಯೇ ಸಾಕು. ಉಷ್ಣತೆ ಅದಕ್ಕಿಂತ ಕೆಳಗಿದ್ದರೂ ಮೇಲಿದ್ದರೂ ಅಷ್ಟೇ ಕೆಲಸಕ್ಕೆ ಇನ್ನೂ ಹೆಚ್ಚು ತಾಸು ಹಸಿ ಬೇಕು. ಅಷ್ಟರಲ್ಲಿ ಬಿಸಿಲು ಬಂದು ಎಲೆ ಒಣಗಿದರೆ ಮೊಳೆತ ಕಣ ಅಲ್ಲೇ ಸಾಯುತ್ತದೆ.

ಎರಡನೆಯದು, ಒಳಹೊಕ್ಕ ಮೇಲಿನ ವೇಗ. ಹೊಕ್ಕ ದಿನದಿಂದ ಕಲೆ ಕಾಣುವವರೆಗಿನ ಅವಧಿ ಒಗ್ಗುವ ಉಷ್ಣತೆಯಲ್ಲಿ ಚಿಕ್ಕದು, ಥಂಡಿಯಲ್ಲಿ ಉದ್ದ. ಇವತ್ತು ಕಂಡ ಕಲೆಗೆ ಕಾರಣ ಇವತ್ತಿನ ಹವೆಯಲ್ಲ, ಕೆಲವು ದಿನ ಹಿಂದಿನದು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಉಷ್ಣತೆ ಹುಲ್ಲಿನ ಮೇಲೂ ಕೆಲಸ ಮಾಡುತ್ತದೆ. ನಮ್ಮಲ್ಲಿ ಬೆಳೆಸುವ ಕರಕಿ, ಕೊರಿಯನ್ ಹುಲ್ಲು, ಬಫೆಲೊ ಹುಲ್ಲು ಇವೆಲ್ಲ ಬೆಚ್ಚನೆಯ ನಾಡಿನವು. 27ರಿಂದ 35 ಡಿಗ್ರಿಯಲ್ಲಿ ಅವುಗಳ ಚಿಗುರು ಚೆನ್ನಾಗಿ ಬೆಳೆಯುತ್ತದೆ. ಆಗ ಒಂದೆರಡು ಎಲೆಗೆ ಕಲೆ ಬಿದ್ದರೂ ಹುಲ್ಲು ಹೊಸ ಎಲೆ ಹಾಕಿ ರೋಗವನ್ನು ಹಿಂದೆ ಹಾಕುತ್ತದೆ. ರಾತ್ರಿ 15ಕ್ಕೆ ಇಳಿಯತೊಡಗಿದರೆ ಬೆಳವಣಿಗೆ ಮಂದವಾಗುತ್ತದೆ. ಆದರೆ 15 ಡಿಗ್ರಿಯಲ್ಲೂ ದುಡಿಯಬಲ್ಲ ಶಿಲೀಂಧ್ರ ನಿಲ್ಲುವುದಿಲ್ಲ. ಡಿಸೆಂಬರ್‌ನ ಕಲೆ ಫೆಬ್ರವರಿವರೆಗೂ ಹಾಗೇ ಉಳಿಯುವುದು ಇದರಿಂದ.

ಹೆಜ್ಜೆ 1: ನಿಮ್ಮ ಜಾಗ ಯಾವ ಕಡೆಯದು, ಹುಲ್ಲು ಯಾವುದು

ಹುಬ್ಬಳ್ಳಿಗೂ ಧಾರವಾಡಕ್ಕೂ ಇರುವ ದೂರ ಸುಮಾರು 20 ಕಿಲೋಮೀಟರ್. ಆದರೂ ಲಾನ್‌ನ ದೃಷ್ಟಿಯಿಂದ ಎರಡೂ ಬೇರೆ. ಧಾರವಾಡ ಎತ್ತರದಲ್ಲಿದೆ, ಮಲೆನಾಡಿನ ಅಂಚು, ಮಳೆಯೂ ಮೋಡವೂ ಹೆಚ್ಚು. ಊರಿನ ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು, ನೀರು ಬಸಿಯುತ್ತದೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ಕಡೆ ಸರಿದಂತೆ ಎರೆ ಮಣ್ಣು ಹೆಚ್ಚು, ಮಳೆ ಕಡಿಮೆ. ಎರೆ ಮಣ್ಣು ಒಮ್ಮೆ ನೆನೆದರೆ ಬೇಗ ಆರದು. ಹಾವೇರಿ ಜಿಲ್ಲೆಯೊಳಗೇ ಹಾನಗಲ್ ಸೀಮೆ ಹೆಚ್ಚು ಹಸಿ, ಪೂರ್ವಕ್ಕೆ ಹೋದಂತೆ ಒಣ. ಧಾರವಾಡದ ಗೆಳೆಯರು ಔಷಧ ಹೊಡೆದರೆಂದು ಗದಗಿನವರು ಅದೇ ದಿನ ಹೊಡೆಯುವುದರಲ್ಲಿ ಅರ್ಥವಿಲ್ಲ.

ಹುಲ್ಲಿನ ಜಾತಿ ಇನ್ನೂ ಮುಖ್ಯ. ಭತ್ತದ ಬೆಂಕಿ ರೋಗದ ಸಂಬಂಧಿಯಾದ ಬೂದು ಎಲೆಚುಕ್ಕೆ ಬಫೆಲೊ ಹುಲ್ಲಿಗೆ ಹೆಚ್ಚು. ತುಕ್ಕು ಮತ್ತು ದೊಡ್ಡ ತೇಪೆ ರೋಗ ಕೊರಿಯನ್ ಹುಲ್ಲಿಗೆ. ನಾಣ್ಯದಗಲದ ತೇಪೆ ಬೀಳಿಸುವ ಡಾಲರ್ ಸ್ಪಾಟ್ ಮತ್ತು ಎಲೆಚುಕ್ಕೆ ಕರಕಿಗೆ. ತೋಟದ ಅಂಗಡಿಯಲ್ಲಿ 'ಮೆಕ್ಸಿಕನ್' ಎಂದು ಕೊಟ್ಟಿದ್ದರೆ ಅದೂ ಹೆಚ್ಚಾಗಿ ಕೊರಿಯನ್ ಹುಲ್ಲಿನ ಜೊಯ್ಸಿಯಾ ಕುಲದ್ದೇ ಆಗಿರುತ್ತದೆ.

ಹೆಜ್ಜೆ 2: ಹುಲ್ಲಿನ ಮಟ್ಟದಲ್ಲಿ ಅಳೆಯಿರಿ

ಮೊಬೈಲ್ ತೋರಿಸುವ ಉಷ್ಣತೆ ನೆಲದಿಂದ ಒಂದೂಕಾಲರಿಂದ ಎರಡು ಮೀಟರ್‌ನಷ್ಟು ಮೇಲಿನ ಗಾಳಿಯ ಲೆಕ್ಕ. ಹುಲ್ಲಿಗೆ ಅದು ಒಗ್ಗುವುದಿಲ್ಲ. ಮೋಡವಿಲ್ಲದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಅದರಿಂದಲೇ ಇಬ್ಬನಿ ಕೂರುವುದು. ಗರಿಷ್ಠ-ಕನಿಷ್ಠ ದಾಖಲಿಸುವ ಒಂದು ಸಾದಾ ಥರ್ಮಾಮೀಟರ್ ತಂದು ಹುಲ್ಲಿನಿಂದ ನಾಲ್ಕೈದು ಬೆರಳು ಮೇಲೆ, ನೇರ ಬಿಸಿಲು ಬೀಳದಂತೆ ಸಣ್ಣ ಬಿಳಿ ಮರೆಯ ಕೆಳಗೆ ಇಡಿ. ಆರ್ದ್ರತೆಯನ್ನೂ ತೋರಿಸುವಂಥದ್ದಾದರೆ ಒಳ್ಳೆಯದು. ಬೆಳಿಗ್ಗೆ ಒಮ್ಮೆ ಓದಿ ಬರೆದಿಡಿ. ಮಧ್ಯಾಹ್ನದ ಗರಿಷ್ಠಕ್ಕಿಂತ ರಾತ್ರಿಯ ಕನಿಷ್ಠವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಎಲೆ ಹಸಿಯಾಗಿರುವುದು ರಾತ್ರಿ, ಸೋಂಕು ತಗಲುವುದೂ ರಾತ್ರಿ.

ಒಂದು ದಿನದ ಅಂಕಿಗೆ ಬೆಚ್ಚಬೇಡಿ. ಬೆಂಟ್ ಹುಲ್ಲಿನ ಡಾಲರ್ ಸ್ಪಾಟ್‌ಗಾಗಿ ಅಮೆರಿಕದಲ್ಲಿ ರೂಪಿಸಿ 2018ರಲ್ಲಿ ಪ್ರಕಟಿಸಿದ ಸ್ಮಿತ್-ಕರ್ನ್ಸ್ ಮಾದರಿ 5 ದಿನಗಳ ಸರಾಸರಿ ಉಷ್ಣತೆಯನ್ನೂ ಸರಾಸರಿ ಆರ್ದ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸರಾಸರಿ 10 ಡಿಗ್ರಿಗಿಂತ ಕೆಳಗೆ, 35ಕ್ಕಿಂತ ಮೇಲೆ ಇದ್ದರೆ ಆ ಲೆಕ್ಕವೇ ನಡೆಯದು. ರೋಗ ಬರುವ ಸಂಭವಕ್ಕೆ ಅವರು ಇಟ್ಟ ಶೇಕಡಾವಾರು ಗಡಿಗಳನ್ನು ನಮ್ಮ ಕರಕಿಗೆ ಹಾಗೇ ಹಚ್ಚಬಾರದು. 5 ದಿನಗಳ ಸರಾಸರಿ ನೋಡುವ ಪದ್ಧತಿಯನ್ನು ಮಾತ್ರ ಧಾರಾಳವಾಗಿ ಎರವಲು ತರಬಹುದು.

ಹೆಜ್ಜೆ 3: ಹಸಿಯಿರುವ ತಾಸು ಎಣಿಸಿ

ಇದಕ್ಕೆ ಯಂತ್ರ ಬೇಡ. ರಾತ್ರಿ ಊಟದ ನಂತರ ಒಮ್ಮೆ, ಬೆಳಿಗ್ಗೆ ಒಮ್ಮೆ ಅಂಗೈಯನ್ನು ಹುಲ್ಲಿನ ಮೇಲೆ ಆಡಿಸಿ. ರಾತ್ರಿ 9ಕ್ಕೇ ಕೈ ಒದ್ದೆಯಾಗಿ, ಬೆಳಿಗ್ಗೆ 9ಕ್ಕೂ ಆರಿಲ್ಲವೆಂದರೆ 12 ತಾಸು ಹಸಿ. ಡಾಲರ್ ಸ್ಪಾಟ್‌ಗೆ ಅಷ್ಟು ಸಾಕು. ಲಾನ್‌ನ ಎಲ್ಲ ಮೂಲೆಯಲ್ಲೂ ಪರೀಕ್ಷಿಸಿ. ಪೂರ್ವ ದಿಕ್ಕಿನ ಕಂಪೌಂಡ್ ಗೋಡೆಯ ಬುಡ, ಮಾವಿನ ಮರದ ಕೆಳಗೆ, ಎರಡು ಕಟ್ಟಡಗಳ ನಡುವೆ ಹುಲ್ಲು ಒಂದೆರಡು ತಾಸು ತಡವಾಗಿ ಒಣಗುತ್ತದೆ. ರೋಗ ಮೊದಲು ಕಾಣುವುದು ಅಲ್ಲಿಯೇ. ಇಡೀ ಲಾನ್‌ಗೆ ಔಷಧ ಹೊಡೆಯುವ ಬದಲು ಆ ಮೂಲೆಯನ್ನು ಕಾಯ್ದರೆ ಅರ್ಧ ಕೆಲಸ ಮುಗಿದಂತೆ.

ಹೆಜ್ಜೆ 4: ತಿಂಗಳು ನೋಡಿ ರೋಗ ಹುಡುಕಿ

ಮೇ ತಿಂಗಳ ಅಡ್ಡಮಳೆಯಿಂದ ಶುರು ಮಾಡೋಣ. ಹಗಲು 36-37, ಸಂಜೆ ಗುಡುಗಿ ಒಂದು ದೊಡ್ಡ ಮಳೆ, ರಾತ್ರಿ 22ಕ್ಕಿಂತ ಕೆಳಗಿಳಿಯದ ಸೆಕೆ. ಕಾದ ಮಣ್ಣಿನಲ್ಲಿ ನೀರು ನಿಂತರೆ ಹುಲ್ಲು ಕೊಳೆಸುವ ಪಿಥಿಯಂ ಎಂಬ ರೋಗಾಣು ಏಳುತ್ತದೆ. ಹಗಲು 30 ದಾಟಿ, ರಾತ್ರಿ 20ಕ್ಕಿಂತ ಮೇಲೆಯೇ ಉಳಿದು, ಹುಲ್ಲು ಹಸಿಯಾಗಿದ್ದರೆ ಅದಕ್ಕೆ ಹಬ್ಬ. ಎಲೆಗಳು ಎಣ್ಣೆ ಹಚ್ಚಿದಂತೆ ಜಿಡ್ಡಾಗಿ, ಕಪ್ಪಗಾಗಿ ಮಲಗುತ್ತವೆ. ನೀರು ಹರಿದ ದಾರಿಯಲ್ಲೇ ಸಾಲಾಗಿ ಹಬ್ಬುವುದು ಇದರ ಗುರುತು. ಉಳಿದ ರೋಗಗಳು ಕಾಯಲು ಸಮಯ ಕೊಡುತ್ತವೆ, ಇದು ಕೊಡುವುದಿಲ್ಲ. ಹೊಸದಾಗಿ ಬಿತ್ತಿದ ಹುಲ್ಲು ಒಂದೆರಡು ರಾತ್ರಿಯಲ್ಲೇ ಹೋಗಬಹುದು. ನಿಂತ ಕರಕಿ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಇದೇ ಹೊತ್ತಿಗೆ ಬಿಸಿಲಿಗೆ ಬಳಲಿದ ಹುಲ್ಲಿನ ಮೇಲೆ ಕರ್ವುಲೇರಿಯಾ ಎಂಬ ಶಿಲೀಂಧ್ರ ಕೂಡ ಬರುತ್ತದೆ. 30 ಡಿಗ್ರಿ ಮೇಲಿನ ಶಾಖ ಅದಕ್ಕೆ ಇಷ್ಟ. ಆದರೆ ಗಟ್ಟಿಮುಟ್ಟಾದ ಹುಲ್ಲನ್ನು ಅದು ಸುಲಭವಾಗಿ ಮುಟ್ಟುವುದಿಲ್ಲ. ಬೇಸಿಗೆಯುದ್ದಕ್ಕೂ ನೀರು ಸಾಲದೆ ಸೊರಗಿದ್ದರೆ ಮಾತ್ರ.

ಜೂನ್ ನಡುವಿನಿಂದ ಚಿತ್ರ ಬದಲಾಗುತ್ತದೆ. ಧಾರವಾಡದಲ್ಲಿ ಹಗಲು 26-28, ರಾತ್ರಿ 20-21ರ ಆಸುಪಾಸು, ಹಗಲಿಗೂ ರಾತ್ರಿಗೂ ಅಂತರವೇ ಇಲ್ಲ. ಆಷಾಢದ ಗಾಳಿ ಬೀಸುವಷ್ಟು ದಿನ ಎಲೆ ಬೇಗ ಆರುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಗಾಳಿ ನಿಂತು ಮೋಡ ಕವಿದಾಗ ಇಡೀ ದಿನ ಹುಲ್ಲು ಹಸಿ. ಬಫೆಲೊ ಹುಲ್ಲು ಹಾಕಿದವರು ಈಗ ಬೂದು ಎಲೆಚುಕ್ಕೆಗೆ ಕಾಯಬೇಕು. ಕಂದು ಅಂಚಿನ, ನಡುವೆ ಬೂದಿ ಬಣ್ಣದ ಉದ್ದ ಚುಕ್ಕೆಗಳು. ಕಲಘಟಗಿ, ಹಾನಗಲ್ ಕಡೆಯ ಭತ್ತದ ರೈತರಿಗೆ ಬೆಂಕಿ ರೋಗ ಗೊತ್ತು. ಅದನ್ನು ತರುವ ಪೈರಿಕ್ಯುಲೇರಿಯಾ ಕುಲದ ಶಿಲೀಂಧ್ರವೇ ಇದಕ್ಕೂ ಕಾರಣ. 25ರಿಂದ 30 ಡಿಗ್ರಿ, ಉದ್ದ ಹಸಿ, ಜೊತೆಗೆ ಮಳೆ ಬಂತೆಂದು ಧಾರಾಳವಾಗಿ ಎರಚಿದ ಯೂರಿಯಾ ಸೇರಿದರೆ ಚುಕ್ಕೆ ಬೇಗ ಹಬ್ಬುತ್ತದೆ. ಈ ಹೊತ್ತಿಗೆ ಹಸಿರು ಕಾಣಲೆಂದು ಯೂರಿಯಾ ಹಾಕುವ ಚಟವನ್ನು ಬಫೆಲೊ ಲಾನ್ ಇದ್ದವರು ಬಿಡಲೇಬೇಕು.

ಮಳೆಗಾಲದಲ್ಲಿ ಅಣಬೆಗಳು ವೃತ್ತಾಕಾರವಾಗಿ ಎದ್ದರೆ ಅದು ಮಣ್ಣಿನೊಳಗಿನ ಹಳೆಯ ಕಟ್ಟಿಗೆ, ಬೇರು ಕೊಳೆಯುವ ಗುರುತು. ಕಿತ್ತು ಎಸೆಯಿರಿ, ಮಕ್ಕಳು ತಿನ್ನದಂತೆ ನೋಡಿಕೊಳ್ಳಿ.

ನನ್ನ ಮಟ್ಟಿಗೆ ಇಡೀ ವರ್ಷದ ಕಠಿಣ ಅವಧಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ. ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುತ್ತದೆ, ಹಗಲು 30ರ ಹತ್ತಿರ, ರಾತ್ರಿ 18-20, ನೆಲದಲ್ಲಿ ಇನ್ನೂ ಪಸೆ, ಬೆಳಗಿನ ತನಕ ದಟ್ಟ ಇಬ್ಬನಿ. ಮಳೆ ನಿಂತಿತೆಂದು ಎಲ್ಲರೂ ನಿರಾಳವಾಗುವ ಹೊತ್ತು. ಡಾಲರ್ ಸ್ಪಾಟ್ 15ರಿಂದ 30 ಡಿಗ್ರಿಯವರೆಗೆ ನಡೆಯುತ್ತದೆ, 21ರಿಂದ 27ರಲ್ಲಿ ಅತಿ ಚುರುಕು. ಹತ್ತಿರ ಕತ್ತರಿಸಿದ ಕರಕಿಯಲ್ಲಿ ನಾಣ್ಯದಷ್ಟು ಅಗಲದ ಒಣಹುಲ್ಲಿನ ಬಣ್ಣದ ತೇಪೆಗಳು, ಒಂದೊಂದು ಎಲೆಯಲ್ಲೂ ಕೆಂಗಂದು ಅಂಚಿನ ಬಿಳಿಚಿದ ಪಟ್ಟಿ. ಸೂರ್ಯ ಏರುವ ಮುನ್ನ ನೋಡಿದರೆ ತೇಪೆಯ ಮೇಲೆ ಬಿಳಿ ನೂಲು ಕಾಣುತ್ತದೆ. ಜೇಡರ ಬಲೆಯೂ ಇಬ್ಬನಿಯಲ್ಲಿ ಹಾಗೇ ಕಾಣುತ್ತದೆ. ಆದರೆ ಬಲೆ ಎಲೆಗಳ ಮೇಲೆ ಚಪ್ಪಟೆಯಾಗಿ ಹಾಸಿರುತ್ತದೆ, ಶಿಲೀಂಧ್ರದ ನೂಲು ಎಲೆಗಳ ನಡುವೆ ಹತ್ತಿಯಂತೆ ಉಬ್ಬಿ, ಬಿಸಿಲು ಬಿದ್ದ ಕೂಡಲೇ ಮಾಯವಾಗುತ್ತದೆ. ಸಾರಜನಕ ಸಾಲದ ಹುಲ್ಲಿಗೆ ಈ ರೋಗ ಹೆಚ್ಚು, ಬೂದು ಎಲೆಚುಕ್ಕೆಗೆ ಪೂರಾ ತದ್ವಿರುದ್ಧ. ಅದಕ್ಕೇ ರೋಗ ಯಾವುದೆಂದು ಗೊತ್ತಾಗದೆ ಗೊಬ್ಬರ ಮುಟ್ಟಬಾರದು.

ಡಿಸೆಂಬರ್-ಜನವರಿಯಲ್ಲಿ ರಾತ್ರಿ 13-16ಕ್ಕೆ ಇಳಿದಾಗ ಕೊರಿಯನ್ ಹುಲ್ಲಿನ ಮೇಲೆ ತುಕ್ಕು. ನಡೆದು ಬಂದರೆ ಚಪ್ಪಲಿಗೆ ಭಂಡಾರದಂಥ ಕಿತ್ತಳೆ-ಹಳದಿ ಪುಡಿ ಅಂಟುತ್ತದೆ. ನೆರಳಿದ್ದಲ್ಲಿ ಜಾಸ್ತಿ. ಮಣ್ಣಿನ ಉಷ್ಣತೆ 20ರ ಸುತ್ತ ಇಳಿದು, ಬುಡದಲ್ಲಿ ಹಸಿ ಉಳಿದರೆ ರೈಜೋಕ್ಟೋನಿಯಾ ಎಂಬ ಶಿಲೀಂಧ್ರ ತರುವ ದೊಡ್ಡ ತೇಪೆ ರೋಗವೂ ಕಾಣಬಹುದು. ಮಾರಿಗೂ ಹೆಚ್ಚಿನ ಅಗಲದ ವೃತ್ತ, ಅಂಚಿನಲ್ಲಿ ಕಿತ್ತಳೆ ಛಾಯೆ, ಎಳೆದರೆ ಎಲೆ ಬುಡದಿಂದ ಕೊಳೆತು ಸುಲಭವಾಗಿ ಬರುತ್ತದೆ. ಇದರ ಸಂಬಂಧಿಯಾದ ಬ್ರೌನ್ ಪ್ಯಾಚ್ ರೈ ಹುಲ್ಲು, ಬೆಂಟ್ ಹುಲ್ಲುಗಳನ್ನು 20 ಡಿಗ್ರಿ ಮೇಲಿನ ಸೆಕೆಯ ರಾತ್ರಿಗಳಲ್ಲಿ ಕಾಡುತ್ತದೆ. ಒಂದೇ ಬಗೆಯ ಶಿಲೀಂಧ್ರ, ಹುಲ್ಲು ಬದಲಾದರೆ ಋತುವೇ ಬದಲು. ವಿದೇಶಿ ಕೋಷ್ಟಕ ನಮಗೆ ದಾರಿ ತಪ್ಪಿಸುವುದು ಇಂಥ ಕಡೆ. ಹಿಮದ ಬೂಷ್ಟಿನ ಸಾಲನ್ನು ಅಲ್ಲಿ ಕಂಡರೆ ಓದದೆ ದಾಟಿಬಿಡಿ.

ಹೆಜ್ಜೆ 5: ಶಿಲೀಂಧ್ರವೇ ಹೌದೆಂದು ಖಚಿತ ಮಾಡಿಕೊಳ್ಳಿ

ನಾಯಿ ಮೂತ್ರ, ಮೊಂಡು ಬ್ಲೇಡು, ಚೆಲ್ಲಿದ ಪೆಟ್ರೋಲು ಎಲ್ಲವೂ ಕಂದು ತೇಪೆ ಮಾಡುತ್ತವೆ. ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದೆಳೆಯಿರಿ. ಬೇರಿಲ್ಲದೆ ಚಾಪೆಯಂತೆ ಮೇಲೆದ್ದು ಬಂದರೆ ಕೆಳಗೆ ಗೊಣ್ಣೆ ಹುಳು ಹುಡುಕಿ. ಹಾಗಲ್ಲದಿದ್ದರೆ ತೇಪೆಯ ಅಂಚಿನಿಂದ, ಅಂದರೆ ಹಸಿರೂ ಕಂದೂ ಸೇರುವಲ್ಲಿಂದ, ಅಂಗೈಯಗಲದ ಹೆಂಟೆ ಕಿತ್ತು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಮನೆಯೊಳಗೆ ಇಡಿ. ಚೀಲದೊಳಗೆ 24-27 ಡಿಗ್ರಿಯೂ ಪೂರ್ಣ ಹಸಿಯೂ ಇದ್ದರೆ ಬೆಳಿಗ್ಗೆ ಹತ್ತಿಯಂಥ ನೂಲು ಹುಟ್ಟಿರುತ್ತದೆ. ಹೊರಗೆ ಹವೆ ಮಾಡುವುದನ್ನೇ ನೀವು ಚೀಲದಲ್ಲಿ ಮಾಡಿದಂತಾಯಿತು. ತುಕ್ಕು ಮತ್ತು ಎಲೆಚುಕ್ಕೆಗೆ ಈ ಪರೀಕ್ಷೆಗಿಂತ 10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೇ ಮೇಲು.

ಹೆಜ್ಜೆ 6: ಉಷ್ಣತೆ ನಿಮ್ಮ ಕೈಯಲ್ಲಿಲ್ಲ, ಹಸಿ ಇದೆ

ರಾತ್ರಿಯ 22 ಡಿಗ್ರಿಯನ್ನು ಯಾರೂ ಬದಲಿಸಲಾರರು. ಎಲೆ ಹಸಿಯಾಗಿರುವ 12 ತಾಸನ್ನು 7-8ಕ್ಕೆ ಇಳಿಸಬಹುದು. ಉಷ್ಣತೆ ಎಷ್ಟೇ ಒಗ್ಗಿದರೂ ತಾಸು ಸಾಲದೆ ಸೋಂಕು ಅರ್ಧಕ್ಕೆ ನಿಲ್ಲುತ್ತದೆ.

ನಮ್ಮ ಅವಳಿ ನಗರದ ದೊಡ್ಡ ತೊಡಕು ನಲ್ಲಿ ನೀರಿನದು. ಹಲವು ಬಡಾವಣೆಗಳಿಗೆ ನೀರು ಕೆಲವು ದಿನಕ್ಕೊಮ್ಮೆ ಬರುತ್ತದೆ, ಬರುವ ಹೊತ್ತೂ ನಮ್ಮದಲ್ಲ. ರಾತ್ರಿ 10ಕ್ಕೆ ಬಂದರೆ ಆಗಲೇ ಪೈಪು ಹಿಡಿದು ಲಾನ್ ನೆನೆಸುವುದು ರೂಢಿ. ಇಬ್ಬನಿಯ ಮೊದಲೇ ಎಲೆಗೆ ನೀರು ಬಿದ್ದು ಹಸಿಯ ಲೆಕ್ಕಕ್ಕೆ ನಾಲ್ಕಾರು ತಾಸು ಸೇರುತ್ತದೆ. ಆ ನೀರನ್ನು ಸಂಪಿಗೋ ಡ್ರಮ್ಮಿಗೋ ತುಂಬಿ, ಬೆಳಿಗ್ಗೆ 5ರಿಂದ 7ರೊಳಗೆ ಕೊಡಿ. ಹುಲ್ಲು ಆಗಲೇ ಇಬ್ಬನಿಯಲ್ಲಿ ತೊಯ್ದಿರುತ್ತದೆ, ಹೊಸದಾಗಿ ಹಸಿ ಸೇರುವುದಿಲ್ಲ. ಬದಲಿಗೆ ಎಲೆತುದಿಯ ಸಕ್ಕರೆಯಂಶದ ಹನಿ ತೊಳೆದುಹೋಗುತ್ತದೆ. ದಿನಾ ಚಿಮುಕಿಸುವುದಕ್ಕಿಂತ ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ಕೊಡಿ. ಎರೆ ಮಣ್ಣಿನಲ್ಲಿ ಈ ಅಂತರ ಇನ್ನೂ ಉದ್ದವಿರಲಿ.

ಅಕ್ಟೋಬರ್‌ನಲ್ಲಿ ಬೆಳಗಿನ ಇಬ್ಬನಿ ಕೆಡವಿ. ಮೈದಾನದಲ್ಲಾದರೆ ಇಬ್ಬರು ಉದ್ದ ಹಗ್ಗದ ಎರಡು ತುದಿ ಹಿಡಿದು ಹುಲ್ಲಿನ ಮೇಲೆ ಎಳೆದುಕೊಂಡು ಹೋದರೆ ಆಯಿತು, ಮನೆಯಂಗಳಕ್ಕೆ ಬಿದಿರಿನ ಕೋಲು ಸಾಕು. ಖರ್ಚಿಲ್ಲದ ಈ ಕೆಲಸವನ್ನು ಜನ ಹಗುರವಾಗಿ ಕಾಣುತ್ತಾರೆ. ನಾನು ಇದನ್ನು ಔಷಧಕ್ಕಿಂತ ಮೇಲಿಡುತ್ತೇನೆ. ರೋಗ ಹತ್ತಿದ ತೇಪೆಯ ಮೇಲೆ ಮಾತ್ರ ಎಳೆಯಬೇಡಿ, ಹಸಿ ನೂಲು ಹಗ್ಗಕ್ಕಂಟಿ ಹರಡುತ್ತದೆ. ಹಸಿ ಹುಲ್ಲನ್ನು ಕತ್ತರಿಸಬಾರದೆನ್ನುವುದೂ ಇದಕ್ಕೇ. ಕತ್ತರಿಸಿದ ಮೇಲೆ ಯಂತ್ರದ ಅಡಿ ತೊಳೆದು ಒಣಗಿಸಿ. ಒಮ್ಮೆಗೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿದ್ದರೆ ಹುಲ್ಲಿಗೆ ಬಲ ಉಳಿಯುತ್ತದೆ.

ಪೂರ್ವದ ಮರದ ಕೆಳಕೊಂಬೆಗಳನ್ನು ಸವರಿ ಬೆಳಗಿನ ಬಿಸಿಲು ಒಳಗೆ ಬಿಡಿ. ನೀರು ನಿಲ್ಲುವ ತಗ್ಗಿಗೆ ಇಳಿಜಾರು ಕೊಡಿ. ಎರೆ ಮಣ್ಣಿನ ಮೇಲೆ ಬರೀ ಮರಳು ಸುರಿದರೆ ಕೆಳಗೆ ನೀರು ತಡೆದು ನಿಲ್ಲುತ್ತದೆ, ಇಳಿಜಾರೇ ಮೊದಲು.

ಗೊಬ್ಬರದ ಲೆಕ್ಕ ಇಷ್ಟು: ಅಕ್ಟೋಬರ್‌ನಲ್ಲಿ ಡಾಲರ್ ಸ್ಪಾಟ್ ಖಚಿತವಾದರೆ 100 ಚದರ ಮೀಟರ್‌ಗೆ ಅರ್ಧ ಕಿಲೋ ಯೂರಿಯಾ, ಒಣ ಎಲೆಯ ಮೇಲೆ ಎರಚಿ ಕೂಡಲೇ ನೀರು. ಸಾರಜನಕ ಸಾಲದೆ ಮಂಕಾದ ಹುಲ್ಲು ತುಕ್ಕಿನಿಂದ ಹೊರಬರಲೂ ಇದು ನೆರವಾಗುತ್ತದೆ. ಬೂದು ಎಲೆಚುಕ್ಕೆ, ಪಿಥಿಯಂ, ದೊಡ್ಡ ತೇಪೆ ಇದ್ದಾಗ ಯೂರಿಯಾ ಮುಟ್ಟಬೇಡಿ.

ಹೆಜ್ಜೆ 7: ಔಷಧ ಬೇಕೇ ಆದರೆ

ಮನೆಯಂಗಳದ ಕರಕಿಗೆ ಬಹುತೇಕ ವರ್ಷ ಔಷಧ ಬೇಡ. ಕ್ರಿಕೆಟ್ ಮೈದಾನದಂಥ ಕಡೆ, 5 ದಿನಗಳ ಸರಾಸರಿ 20-28ರಲ್ಲಿ ನಿಂತು ಹಸಿ ದಿನಾ 10 ತಾಸು ದಾಟುತ್ತಿದ್ದರೆ, ಹಿಂದಿನ ವರ್ಷ ರೋಗ ಕಂಡ ಜಾಗಕ್ಕೆ ಮಾತ್ರ ಮುಂಚೆಯೇ ಕೊಡುವುದು ನ್ಯಾಯ.

ಪಿಥಿಯಂ ನಿಜವಾದ ಶಿಲೀಂಧ್ರವಲ್ಲ, ನೀರಬೂಷ್ಟಿನ ಗುಂಪಿನದು. ಕೇಳಿದ ಕೂಡಲೇ ಕೈಗೆ ಸಿಗುವ ಕಾರ್ಬೆಂಡಜಿಮ್ ಅದರ ಮೇಲೆ ಕೆಲಸ ಮಾಡುವುದಿಲ್ಲ. ಅದಕ್ಕೆ ಮೆಟಲಾಕ್ಸಿಲ್ ಬಗೆಯದೇ ಬೇಕು. ಡಾಲರ್ ಸ್ಪಾಟ್, ತುಕ್ಕು ರೋಗಗಳಿಗೆ ಪ್ರೊಪಿಕೊನಜೋಲ್‌ನಂಥವು ನಾಟುತ್ತವೆ. ಆದರೆ ಹಗಲು 32 ದಾಟುವ ದಿನಗಳಲ್ಲಿ ಇವನ್ನು ಕರಕಿಗೆ ಹೊಡೆದರೆ ಬೆಳವಣಿಗೆ ಕುಗ್ಗಿ ಹುಲ್ಲು ಹಳದಿಯಾಗಬಹುದು. ಉಷ್ಣತೆ ಔಷಧದ ಮೇಲೂ ಹೀಗೆ ಆಟವಾಡುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ, ಮಳೆಯ ಸೂಚನೆ ಇಲ್ಲದಾಗ ಸಿಂಪಡಿಸಿ. ಒಂದೇ ಗುಂಪಿನ ಔಷಧವನ್ನು ಬೆನ್ನುಬೆನ್ನಿಗೆ ಬಳಸಿದರೆ ಶಿಲೀಂಧ್ರ ಒಗ್ಗಿಹೋಗುತ್ತದೆ, ಗುಂಪು ಬದಲಿಸುತ್ತಿರಿ. ಪ್ರಮಾಣವನ್ನು ಡಬ್ಬಿಯ ಚೀಟಿಯಂತೆಯೇ ಇಡಿ. ಚೀಟಿಯಲ್ಲಿ ಹುಲ್ಲುಹಾಸಿನ ಹೆಸರಿಲ್ಲದಿದ್ದರೆ ಅಂಗಡಿಯವರ ಅಂದಾಜಿಗೆ ಬಿಡದೆ ಸಸ್ಯರೋಗ ತಜ್ಞರನ್ನು ಕೇಳಿ.

ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ, ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಗುವಾಗ ತೇಪೆಯ ಅಂಚಿನ ಹೆಂಟೆಯನ್ನು ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಬಿಸಿಲಿನ ಕಾರಿನಲ್ಲಿಟ್ಟರೆ ಬೇರೆ ಬೂಷ್ಟು ಬೆಳೆದು ಮೂಲ ರೋಗ ಮುಚ್ಚಿಹೋಗುತ್ತದೆ. ಜೊತೆಗೆ ಹಿಂದಿನ ಎರಡು ವಾರದ ರಾತ್ರಿ ಕನಿಷ್ಠ, ಎಲೆ ಆರಿದ ಹೊತ್ತು, ಕೊನೆಯ ಸಲ ಗೊಬ್ಬರ ಹಾಕಿದ ದಿನ, ನೀರು ಕೊಟ್ಟ ಸಮಯ ಇಷ್ಟನ್ನು ಬರೆದ ಚೀಟಿಯೂ ಇರಲಿ.